ಕೆಂಪು ಬಾಲದ ಇಲಿಗಳು, ಅಣ್ಣನ ಹಾಜರಿ

ನಂಜನಗೂಡಿನಲ್ಲಿ ಹುಟ್ಟಿ ಬೆಳೆದೂ ರಸಬಾಳೆಯ ವಾಸನೆಗೆ ವಾಕರಿಸುವವರು ಯಾರಾದರೂ ಇದ್ದರೆ ಅದು ನಾನೊಬ್ಬಳೇ ಇರಬೇಕು. ಮೊನ್ನೆ ಪಕ್ಕದ ಮನೆಯಾಕೆ ದೇವರ ದರ್ಶನಕ್ಕೆಂದು ನಮ್ಮೂರಿಗೆ ಹೋಗಿದ್ದವರು ಬರುವಾಗ ನನಗೆಂದೇ ಒಂದು ಚಿಪ್ಪು ಹಣ್ಣು ತಂದರು. "ಈಗೆಲ್ಲಿ ಸಿಗುತ್ತೆ ಹೇಳಿ ಅಸಲು ರಸಬಾಳೆ? ನಿಮ್ಮೂರಿನ ಹಣ್ಣು, ನೀವೇ ತಿನ್ನಬೇಕು" ಎಂದು ಕೈಗಿಟ್ಟರು. ಹಲ್ಲು ಕಿರಿದು ಇಸಿದುಕೊಂಡೆ. ಅವರು ಅತ್ತ ಹೋದದ್ದೇ ತಡ, ಸತ್ತ ಹಲ್ಲಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ತೊಟ್ಟು ಹಿಡಿದು ಹಿತ್ತಲ ಕಟ್ಟೆಯ ಮೇಲಿಟ್ಟು ಬಂದೆ. ಬಿಸಿಲು ಏರಿದಂತೆ ಹಣ್ಣು ಕಳಿತು, ವಾಸನೆ ಕಿಟಕಿಯಿಂದ ಅಡುಗೆಮನೆಗೆ ನುಗ್ಗಿತು. ಮಿಕ್ಕವರಿಗೆ ಅದು ಘಮ. ನನ್ನ ಮೂಗಿಗೆ ಅದರ ಜೊತೆಗೇ ಇಲಿಯ ಉಚ್ಚೆ, ಸ್ಪಿರಿಟ್ಟು, ಒದ್ದೆಯಾದ ಮರದ ಹೊಟ್ಟು ಎಲ್ಲವೂ ಬರುತ್ತವೆ. ನಲವತ್ತು ವರ್ಷವಾದರೂ ಬಿಟ್ಟಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ದೇವಸ್ಥಾನದ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಊರಾಚೆ ಒಂದು ಸಣ್ಣ ಔಷಧಿ ಕಾರ್ಖಾನೆ ಇತ್ತು. ಇವತ್ತು ಅದೂ ಇಲ್ಲ, ಅದರ ಬೋರ್ಡೂ ಇಲ್ಲ, ಹೆಸರು ಎತ್ತುವ ಮನಸ್ಸೂ ನನಗಿಲ್ಲ. ಅದರ ಹಿಂಭಾಗದಲ್ಲಿ ಶೀಟು ಹೊದಿಸಿದ ಒಂದು ಉದ್ದನೆಯ ಕೊಠಡಿ. ಕಾಗದಪತ್ರಗಳಲ್ಲಿ ಅದು ಪ್ರಯೋಗಾಲಯ, ಕೆಲಸದವರ ಬಾಯಲ್ಲಿ ಇಲಿಮನೆ. ಅಲ್ಲಿ ನನಗೆ ಸಹಾಯಕಿಯ ಕೆಲಸ ಸಿಕ್ಕಿತು.

"ಬಿಎಸ್ಸಿ ಓದಿದ್ದು ಇಲಿ ಉಚ್ಚೆ ಬಾಚೋಕೇನೇ?" ಎಂದು ಅಮ್ಮ ಮುಖ ಕಿವುಚಿದಳು.

"ಗಣಪತಿ ವಾಹನ ಕಣೇ. ಸೇವೆ ಅಂದ್ಕೊಳ್ಳಲಿ ಬಿಡು" ಎಂದರು ಅಪ್ಪ.

ಸೇವೆಯ ಸೊಗಸು ಮೊದಲ ದಿನವೇ ತಿಳಿಯಿತು. ಒಳಗೆ ಕಾಲಿಟ್ಟರೆ ಕಣ್ಣು ಉರಿಯುವ ನಾತ. ಸಾಲಾಗಿ ತಂತಿಯ ಗೂಡುಗಳು, ಪ್ರತಿ ಗೂಡಿನಲ್ಲೂ ಕೆಂಪು ಕಣ್ಣಿನ ಬಿಳಿ ಇಲಿಗಳು. ಮನೆಗೆ ಬಂದು ಸೀಗೆಪುಡಿ ಹಾಕಿ ತಲೆ ತೊಳೆದುಕೊಂಡರೂ ಅಮ್ಮ ನನ್ನ ತಟ್ಟೆಯನ್ನು ಸ್ವಲ್ಪ ದೂರವೇ ಇಡುತ್ತಿದ್ದಳು.

ನಮ್ಮ ಮೇಲಧಿಕಾರಿಯನ್ನು ಎಲ್ಲರೂ ಡಾಕ್ಟರು ಎನ್ನುತ್ತಿದ್ದರು. ರೋಗಿಗಳನ್ನು ನೋಡುವ ಡಾಕ್ಟರಲ್ಲ, ಪಿಎಚ್.ಡಿ. ಮಾಡಿದವರು. ಇಸ್ತ್ರಿ ಮುರಿಯದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು. ಅವರ ಕೋಣೆಯಲ್ಲಿ ಸದಾ ಊದುಬತ್ತಿ ಉರಿಯುತ್ತಿತ್ತು. ಅದು ದೇವರಿಗಲ್ಲ, ಇಲಿಯ ನಾತ ತಮ್ಮ ಮೂಗಿಗೆ ತಾಗದಿರಲೆಂದು. ಇಲಿಮನೆಯೊಳಗೆ ಅವರು ಕಾಲಿಟ್ಟದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ.

"ಸ್ಕಿಜೋಫ್ರೇನಿಯ ಬಂದ ಮನುಷ್ಯ ಬಾಯಿ ಬಿಟ್ಟು ಹೇಳ್ತಾನೆ, ಯಾರೋ ಕಿವೀಲಿ ಮಾತಾಡ್ತಾರೆ ಅಂತ. ಇಲಿ ಹೇಳುತ್ತಾ? ಅದಕ್ಕೇ ನಾವೇ ಅದಕ್ಕೆ ಹುಚ್ಚು ಹಿಡಿಸಬೇಕು" ಎಂದು ಮೊದಲ ದಿನವೇ ವಿವರಿಸಿದರು. ಹೇಳುವಾಗ ಹೋಟೆಲಿನಲ್ಲಿ ದೋಸೆಗೆ ಹೇಳುವಷ್ಟೇ ನಿರಾಳವಾಗಿದ್ದರು.

ಹುಚ್ಚು ಹಿಡಿಸುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಆಂಫೆಟಮಿನ್ ಎಂಬ ಔಷಧಿಯನ್ನು ಇಲಿಯ ಹೊಟ್ಟೆಗೆ ಚುಚ್ಚಬೇಕು. ಕೆಲವೇ ದಿನಗಳಲ್ಲಿ ಅವು ಒಂದೇ ಮೂಲೆಯನ್ನು ಗಂಟೆಗಟ್ಟಲೆ ಮೂಸುತ್ತಾ, ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ, ಒಸಡಿನಲ್ಲಿ ರಕ್ತ ಬರುವವರೆಗೆ ತಂತಿ ಕಡಿಯುತ್ತಿದ್ದವು. ಆಮೇಲೆ ಆ ಸೂಜಿ ನಿಲ್ಲಿಸಿ ಮೂರು ತಂಡ ಮಾಡುತ್ತಿದ್ದೆವು. ಒಂದು ತಂಡಕ್ಕೆ ಬರೀ ಉಪ್ಪುನೀರು. ಇನ್ನೊಂದಕ್ಕೆ ಆಸ್ಪತ್ರೆಗಳಲ್ಲಿ ಕೊಡುತ್ತಿದ್ದ ಹ್ಯಾಲೊಪೆರಿಡಾಲ್. ಅವುಗಳ ಬಾಲಕ್ಕೆ ಕೆಂಪು ಬಣ್ಣದ ಗುರುತು. ಮೂರನೆಯದಕ್ಕೆ ನಮ್ಮ ಕಾರ್ಖಾನೆ ಮಾಡಬೇಕೆಂದಿದ್ದ ಹೊಸ ಔಷಧಿ. ಅವುಗಳ ಬಾಲ ಹಸಿರು. ಹಳೆಯ ಔಷಧಿ ನೆನಪನ್ನು ತಿಂದುಹಾಕುತ್ತದೆ, ಹೊಸದು ತಿನ್ನುವುದಿಲ್ಲ ಎಂದು ತೋರಿಸಿಬಿಟ್ಟರೆ ಡಾಕ್ಟರಿಗೆ ಹೆಸರು, ಕಾರ್ಖಾನೆಗೆ ವ್ಯಾಪಾರ.

ನೆನಪು ಅಳೆಯಲು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಮರದ ಓಣಿಯೊಂದನ್ನು ಮಾಡಿಸಿದ್ದರು. ಇಲಿಯನ್ನು ಬುಡದಲ್ಲಿ ಬಿಟ್ಟರೆ ಅದು ಓಡಿ ಹೋಗಿ ಎಡಕ್ಕೆ ತಿರುಗಬೇಕು. ಅಲ್ಲೊಂದು ಚೂರು ರಸಬಾಳೆ ಇಟ್ಟಿರುತ್ತಿದ್ದೆವು. ಬಲಕ್ಕೆ ತಿರುಗಿದರೆ ಏನೂ ಇಲ್ಲ. ಓಡಲೆಂದೇ ಅವುಗಳನ್ನು ಅರೆಹೊಟ್ಟೆಯಲ್ಲಿ ಇಡುತ್ತಿದ್ದೆವು. ಸಂಜೆ ಒಂದು ಗಂಟೆ ಹೊತ್ತು ಮಾತ್ರ ಗೂಡಿಗೆ ಮೇವಿನ ಉಂಡೆ, ಆಮೇಲೆ ಮಿಕ್ಕದ್ದನ್ನು ತೆಗೆದುಬಿಡುವುದು. ಸೋಮವಾರದಿಂದ ಶನಿವಾರದವರೆಗೆ ದಿನಾ ಸೂಜಿಗೆ ಮೊದಲು ಕಲಿಸುವುದು, ಭಾನುವಾರ ಓಟವೂ ಇಲ್ಲ, ಸೂಜಿಯೂ ಇಲ್ಲ. ಮತ್ತೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಹಣ್ಣು ತಿಂದರೆ ನೆನಪಿದೆ ಎಂದು ಸರಿ ಗುರುತು, ತಿನ್ನದಿದ್ದರೆ ಮರೆತಿದೆ ಎಂದು ಗೀಟು.

ಗೂಡು ತೊಳೆಯಲು, ಉಂಡೆ ಹಾಕಲು ಮಾದೇವಮ್ಮ ಇದ್ದಳು. ಹತ್ತಿರದ ಹೆಡತಲೆ ಊರಿನವಳು, ಐವತ್ತು ದಾಟಿದ ಗಟ್ಟಿ ಹೆಂಗಸು. ಹೊಲ ಮನೆ ಮಕ್ಕಳ ಪಾಲಾದ ಮೇಲೆ ಕೈ ಸುಮ್ಮನಿರಲಾರದೆ ಕೆಲಸಕ್ಕೆ ಬಂದಿದ್ದಳು. ದನಕರು ನೋಡಿಕೊಂಡ ಕೈ ಅದು, ಇಲಿಯನ್ನೂ ಕರುವಿನ ಹಾಗೆ ಎತ್ತುತ್ತಿದ್ದಳು. ಸೋಮವಾರ ಬಂದರೆ ನದಿಯಲ್ಲಿ ಮುಳುಗು ಹಾಕಿ, ನಂಜುಂಡೇಶ್ವರನಿಗೆ ಹಣ್ಣುಕಾಯಿ ಮಾಡಿಸಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು ಎಲ್ಲರಿಗಿಂತ ಮೊದಲು ಬಂದಿರುತ್ತಿದ್ದಳು.

ಕೆಂಪು ಬಾಲದ ಇಲಿಗಳ ಗೂಡನ್ನು ನಾನು ಎಲ್ಲಕ್ಕಿಂತ ಕೊನೆಗೆ ತೆರೆಯುತ್ತಿದ್ದೆ. ಸೂಜಿ ಚುಚ್ಚಿ ಅರ್ಧ ಗಂಟೆಗೆ ಅವು ಬಿಗಿದುಕೊಳ್ಳುತ್ತಿದ್ದವು. ಒಂದು ಕೋಲಿನ ಮೇಲೆ ಮುಂಗಾಲು ಎತ್ತಿಟ್ಟರೆ ಇಟ್ಟ ಹಾಗೇ ನಿಲ್ಲುತ್ತಿದ್ದವು. ಎಷ್ಟು ಹೊತ್ತು ನಿಂತವೆಂದು ಗಡಿಯಾರ ನೋಡಿ ಬರೆಯಬೇಕು. ಬರೆಯುವಾಗ ನನ್ನ ಕಣ್ಣ ಮುಂದೆ ಇರುತ್ತಿದ್ದವನು ನಮ್ಮಣ್ಣ.

ಅಣ್ಣ ಸದಾಶಿವ ನನಗಿಂತ ಒಂಬತ್ತು ವರ್ಷ ದೊಡ್ಡವನು. ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಅವನ ಲೆಕ್ಕಕ್ಕಿಂತ ಅವನ ಹಾಜರಿ ಹೆಸರುವಾಸಿ. ಹಾಜರಿ ಪುಸ್ತಕವನ್ನು ಅವನು ತರಗತಿಗೆ ಒಯ್ಯುತ್ತಲೇ ಇರಲಿಲ್ಲ. ಕೈ ಹಿಂದೆ ಕಟ್ಟಿ, ಕಿಟಕಿಯಾಚೆ ನೋಡುತ್ತಾ, ಊರಿನ ಹೆಸರು ಸೇರಿಸಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದ: "ಹೆಮ್ಮಿಗೆ ಪುಟ್ಟಸ್ವಾಮಿ. ಸೋಸಲೆ ರಾಚಪ್ಪ. ಮೂಗೂರು ನಿಂಗರಾಜು." ಬರದವರ ಹೆಸರನ್ನು ಸಂಜೆ ಕೂತು ಪುಸ್ತಕಕ್ಕೆ ಇಳಿಸುತ್ತಿದ್ದ, ಒಂದೂ ತಪ್ಪುತ್ತಿರಲಿಲ್ಲ. ಐದು ವರ್ಷದ ಹಿಂದಿನ ತಂಡವನ್ನು ಕೇಳಿದರೂ ಒಂದನೇ ನಂಬರಿನಿಂದ ಕೊನೆಯವರೆಗೆ ಒಪ್ಪಿಸುತ್ತಿದ್ದ. ಮೇಷ್ಟರು ನನ್ನ ಹೆಸರು ಮರೆತಿಲ್ಲ ಎಂಬುದೇ ಆ ಹುಡುಗರಿಗೆ ಒಂದು ಹೆಮ್ಮೆ.

ನಾನು ಇಲಿಮನೆ ಸೇರುವುದಕ್ಕೆ ಎರಡು ವರ್ಷ ಮೊದಲು ಅವನಿಗೆ ಕಾಯಿಲೆ ಶುರುವಾಯಿತು. ಗೋಡೆಯೊಳಗೆ ಯಾರೋ ಕೂತು ತಾನು ಮಾಡುವ ಲೆಕ್ಕವನ್ನೆಲ್ಲ ಗಟ್ಟಿಯಾಗಿ ತಿದ್ದುತ್ತಿದ್ದಾರೆ ಎಂದ. ನಿದ್ದೆ ಬಿಟ್ಟ, ಊಟ ಬಿಟ್ಟ. ತಾಯತ, ಯಂತ್ರ, ಹರಕೆ ಎಲ್ಲ ಮುಗಿಸಿ ಕೊನೆಗೆ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಸ್ಕಿಜೋಫ್ರೇನಿಯ ಎಂದರು, ಹ್ಯಾಲೊಪೆರಿಡಾಲ್ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಗೋಡೆ ಸುಮ್ಮನಾಯಿತು, ಅಣ್ಣ ಮತ್ತೆ ಶಾಲೆಗೆ ಹೋದ. ಆದರೆ ತರಗತಿಯಲ್ಲಿ ನಿಂತು "ಹೆಮ್ಮಿಗೆ..." ಎಂದವನು ಅಲ್ಲೇ ನಿಂತುಬಿಟ್ಟ. ಮುಂದಿನ ಹೆಸರು ಬರಲಿಲ್ಲ. ಮೊದಮೊದಲು ಹುಡುಗರು ಪ್ರೀತಿಯಿಂದ ಹೇಳಿಕೊಟ್ಟರು, ಆಮೇಲೆ ನಗಲು ಶುರುಮಾಡಿದರು. ಬಚ್ಚಲಿಗೆ ಹೋದರೆ ಚೊಂಬು ಹಿಡಿದವನು ನೀರು ಆರುವವರೆಗೂ ಹಾಗೇ ಕೂತಿರುತ್ತಿದ್ದನಂತೆ.

"ಗೋಡೆ ಸುಮ್ಮನಾಯ್ತು ಕಣೇ ಗೌರಿ. ಜೊತೆಗೆ ನಾನೂ ಸುಮ್ಮನಾದೆ" ಎಂದ ಒಂದು ದಿನ.

ಹೆಡ್‌ಮೇಷ್ಟರು ಇನ್ನು ಪಾಠ ಬೇಡ, ಸ್ಟೋರ್ ರೂಮು ನೋಡಿಕೊಂಡಿರಲಿ ಎಂಬ ಮಾತು ಆಡಿದ್ದರು. ಅಣ್ಣನಿಗೆ ಅದು ಸಾವಿಗೆ ಸಮ. ನಾಗರತ್ನ ಅತ್ತಿಗೆ ನನ್ನನ್ನು ಕಂಡಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈ ಮರೆವು ಕಾಯಿಲೆದೋ, ಮಾತ್ರೆದೋ? ನೀನು ಓದಿದೋಳು, ಹೇಳೇ." ಓದಿದವಳು ಎಂಬ ಮಾತು ಕೇಳಿ ನಾನು ಉಬ್ಬುತ್ತಿದ್ದೆ. ಅದೇ ಪ್ರಶ್ನೆಯನ್ನು ಇಲಿಗಳಿಗೆ ಕೇಳುತ್ತಿದ್ದೇವಲ್ಲ, ಉತ್ತರ ಬಂದೇ ಬರುತ್ತದೆ ಎಂದುಕೊಂಡಿದ್ದೆ.

ಆ ವರ್ಷ ಆಷಾಢದ ಮಳೆ ಜೋರು ಹಿಡಿಯಿತು. ಕಪಿಲೆ ಕೆಂಪಗೆ ಉಕ್ಕಿ ಸ್ನಾನಘಟ್ಟದ ಮೆಟ್ಟಿಲುಗಳನ್ನೆಲ್ಲ ನುಂಗಿತ್ತು. ಇಲಿಮನೆಯ ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಮರದ ಹೊಟ್ಟು ಒಣಗದೆ ಬೂಸಲು ಹಿಡಿದು ನಾತ ಎರಡರಷ್ಟಾಗಿತ್ತು. ಅಂಥ ಒಂದು ಸೋಮವಾರ ಮೊದಲ ಕಂತಿನ ಇಲಿಗಳ ಪರೀಕ್ಷೆ ನಡೆಯಿತು. ಉಪ್ಪುನೀರಿನ ಇಲಿಗಳು ಕೆಲವು ನೆನಪಿಟ್ಟುಕೊಂಡಿದ್ದವು, ಕೆಲವು ಇಲ್ಲ. ಹಸಿರು ಬಾಲದವು ನೆಟ್ಟಗೆ ಓಡಿ ಹಣ್ಣು ತಿಂದವು. ಕೆಂಪು ಬಾಲದವು ಒಂದೂ ತಿನ್ನಲಿಲ್ಲ.

ನಾನೇನು ಪೆದ್ದಿಯಲ್ಲ. ಮೈ ಬಿಗಿದುಕೊಂಡು ಓಡಲಾಗದೆ ಹೀಗಾಯಿತೇನೋ ಎಂದು ನೋಡಿದೆ. ಭಾನುವಾರ ಸೂಜಿ ಇಲ್ಲದ್ದರಿಂದ ಬಿಗಿ ಬಿಟ್ಟಿತ್ತು, ಓಣಿಯಲ್ಲಿ ಚೆನ್ನಾಗಿಯೇ ಓಡಾಡುತ್ತಿದ್ದವು. ಏಳನೇ ನಂಬರಿನದು ನೇರವಾಗಿ ಎಡಕ್ಕೆ ಹೋಗಿ, ಹಣ್ಣು ಮೂಸಿ, ಮೀಸೆ ಒರೆಸಿಕೊಂಡು ವಾಪಸು ಬಂತು. ತಿನ್ನಲಿಲ್ಲವಲ್ಲ, ನಿಯಮದ ಪ್ರಕಾರ ಗೀಟು ಎಳೆದೆ. ಆಗ ಒಂದು ಕ್ಷಣ ಪೆನ್ನು ಎತ್ತಿ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ, ಏಕೆಂದರೆ ನನಗೆ ಬೇಕಾದ ಉತ್ತರ ಬಂದಾಗಿತ್ತು. ಮಾತ್ರೆಯೇ ಕಳ್ಳ, ಅಣ್ಣನ ತಲೆ ಒಳಗೆ ಎಲ್ಲ ಭದ್ರವಾಗಿದೆ. ಇನ್ನೆರಡು ಸೋಮವಾರ ಬೇರೆ ಎರಡು ಕಂತಿನ ಇಲಿಗಳಲ್ಲೂ ಅದೇ ಉತ್ತರ ಬಂತು. ಡಾಕ್ಟರು ಮೊದಲ ಸಲ ಇಲಿಮನೆಗೆ ಬಂದು ಮೂಗಿಗೆ ಕರ್ಚೀಫು ಹಿಡಿದುಕೊಂಡೇ "ವೆರಿ ಗುಡ್ ಗೌರಿ" ಎಂದರು.

ಮರು ಭಾನುವಾರ ಸುತ್ತೂರು ಮೇಲೆ ಹೋಗುವ ಬಸ್ಸು ಹಿಡಿದು ನರಸೀಪುರಕ್ಕೆ ಹೋದೆ. ಅಣ್ಣ ಜಗುಲಿಯಲ್ಲಿ ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹೆಸರು ಉರು ಹೊಡೆಯುತ್ತಿದ್ದ. ನಾಳೆ ಪರೀಕ್ಷೆ ಇರುವ ಹುಡುಗನಂತೆ ಪುಟ ಮುಚ್ಚುವುದು, ಕಣ್ಣು ಮುಚ್ಚುವುದು, ಮತ್ತೆ ತೆರೆದು ನೋಡುವುದು. ಐದಾರು ಹೆಸರಿಗೇ ತಡವರಿಸುತ್ತಿದ್ದ. ನಾನು ಒಳಗೆ ಹೋಗಿ ಅತ್ತಿಗೆಗೆ ಹೇಳಿಬಿಟ್ಟೆ.

"ಮಾತ್ರೆದೇ ಅತ್ತಿಗೆ. ಮೂರು ಸಲ ನೋಡಿದೀವಿ. ನಿಲ್ಲಿಸಿಬಿಡಿ."

"ಆಸ್ಪತ್ರೇಲಿ ಒಂದು ಮಾತು ಕೇಳ್ಬೇಡವೇನೇ?"

"ಕೇಳಿದ್ರೆ ಬೇಡ ಅಂತಾರೆ. ಅವರಿಗೆ ಇನ್ನೂ ಗೊತ್ತಿಲ್ಲ, ನಮಗೆ ಗೊತ್ತಾಗಿದೆ."

ನಮಗೆ ಗೊತ್ತಾಗಿದೆ! ಆ ಮಾತು ನೆನಪಾದರೆ ಇವತ್ತಿಗೂ ನನ್ನ ನಾಲಿಗೆಯನ್ನು ಚಪ್ಪಲಿಯಲ್ಲಿ ಬಡಿದುಕೊಳ್ಳಬೇಕು ಅನಿಸುತ್ತದೆ. ಅತ್ತಿಗೆ ಮಾತ್ರೆಯ ಡಬ್ಬಿಯನ್ನು ಸಾಸಿವೆ ಡಬ್ಬಿಯ ಹಿಂದೆ ಸರಿಸಿಟ್ಟರು. ಅಣ್ಣ ಕೇಳಲಿಲ್ಲ. ಮಾತ್ರೆ ಕೊಟ್ಟರೆ ನುಂಗುತ್ತಿದ್ದ, ಕೊಡದಿದ್ದರೆ ಸುಮ್ಮನಿರುತ್ತಿದ್ದ.

ಮೊದಲ ಮೂರು ವಾರ ಹಬ್ಬ. ಅಣ್ಣನ ಮುಖಕ್ಕೆ ಕಳೆ ಬಂತು, ಬಚ್ಚಲಿನಿಂದ ಶ್ಲೋಕ ಕೇಳಿಸತೊಡಗಿತು. ಅವನದೇ ಅಕ್ಷರದಲ್ಲಿ ನನಗೊಂದು ಇನ್‌ಲ್ಯಾಂಡ್ ಲೆಟರ್ ಬಂತು. ಕ್ಷೇಮ ಸಮಾಚಾರ ಒಂದು ಸಾಲೂ ಇಲ್ಲ. ಒಂಬತ್ತನೇ ತರಗತಿಯ ಎಲ್ಲರ ಹೆಸರು, ಊರು ಸಮೇತ, ಒಂದನೇ ನಂಬರಿನಿಂದ ಕೊನೆಯವರೆಗೆ. ಅಪ್ಪ ಅದನ್ನು ದೇವರ ಮುಂದೆ ಇಟ್ಟು ಕೈ ಮುಗಿದರು. ನಾನು ಇಲಿಮನೆಯಲ್ಲಿ ಮಾದೇವಮ್ಮನಿಗೂ ಓದಿ ಹೇಳಿದೆ. "ನಂಜುಂಡಪ್ಪ ಕಣ್ ಬುಟ್ಟ ಕಣ್ರವ್ವ" ಎಂದಳು. ನಂಜುಂಡಪ್ಪ ಅಲ್ಲ, ನಾನು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಶ್ರಾವಣ ಬಂದ ಮೇಲೆ ಒಂದು ಶನಿವಾರ ಬೆಳಿಗ್ಗೆ ನರಸೀಪುರದ ಬಸ್ಸಿನ ಕಂಡಕ್ಟರು ಮನೆಗೆ ಚೀಟಿ ತಂದ. ತುರ್ತಾದರೆ ಹಾಗೆ ಬಸ್ಸಿನಲ್ಲಿ ಚೀಟಿ ಕಳಿಸುವುದು ನಮ್ಮ ಕಡೆ ರೂಢಿ. ಅತ್ತಿಗೆಯ ಕೈಬರಹ: "ಬೇಗ ಬಾ. ಶಾಲೆಯಲ್ಲಿದ್ದಾರೆ. ಹೊರಗೆ ಬರುತ್ತಿಲ್ಲ." ಅದೇ ಬಸ್ಸು ವಾಪಸು ಹೊರಟಾಗ ನಾನೂ ಹತ್ತಿದೆ.

ಶಾಲೆ ತಲುಪಿದಾಗ ಹನ್ನೊಂದು ಗಂಟೆ. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಹೆಡ್‌ಮೇಷ್ಟರು, ಜವಾನ, ಅತ್ತಿಗೆ ಎಲ್ಲರೂ ವರಾಂಡದಲ್ಲಿ ನಿಂತಿದ್ದರು. ಒಳಗೆ ಅಣ್ಣ ಕೈ ಹಿಂದೆ ಕಟ್ಟಿ, ಕಿಟಕಿಯಾಚೆ ನೋಡುತ್ತಾ ಹಾಜರಿ ಕರೆಯುತ್ತಿದ್ದ. ಎಂಟು ಗಂಟೆಗೆ ಶುರುಮಾಡಿದವನು ನಿಲ್ಲಿಸಿರಲಿಲ್ಲ. ಆ ತರಗತಿಯ ಹೆಸರುಗಳು ಮುಗಿದು, ಹೋದ ವರ್ಷದವು ಮುಗಿದು, ಅದರ ಹಿಂದಿನವೂ ಮುಗಿದು, ಮದುವೆಯಾಗಿ ಮಕ್ಕಳಿರುವವರ ಹೆಸರು, ಹೊಳೆಯಲ್ಲಿ ಮುಳುಗಿ ಸತ್ತ ಒಬ್ಬ ಹುಡುಗನ ಹೆಸರು, ಒಂದಾದ ಮೇಲೊಂದು ಬರುತ್ತಿದ್ದವು. ಪ್ರತಿ ಹೆಸರಿಗೂ ಒಂದು ಗಳಿಗೆ ಕಿವಿಗೊಟ್ಟು, ಯಾರೋ ಉತ್ತರ ಕೊಟ್ಟಂತೆ "ಹೂಂ, ಕೂತ್ಕೊ" ಎನ್ನುತ್ತಿದ್ದ. ಹುಡುಗರು ಮೊದಲು ತಮಾಷೆಗೆ ಇಲ್ಲದವರ ಪರವಾಗಿ "ಹಾಜರ್ ಸಾ" ಎಂದರಂತೆ. ನಾನು ನೋಡುವಾಗ ಯಾರೂ ನಗುತ್ತಿರಲಿಲ್ಲ. ಮುಂದಿನ ಸಾಲಿನವನೊಬ್ಬ ಅಳುತ್ತಿದ್ದ.

ಒಂದು ಹೆಸರೂ ತಪ್ಪಿರಲಿಲ್ಲ ಎಂದು ಆಮೇಲೆ ಹೆಡ್‌ಮೇಷ್ಟರೇ ಹೇಳಿದರು.

ಹತ್ತಿರ ಹೋದೆ. ನಿಂತಲ್ಲೇ ನಿಂತು ಅವನ ಪಂಚೆ ಒದ್ದೆಯಾಗಿತ್ತು, ಕಾಲ ಬಳಿ ನೆಲವೂ ಒದ್ದೆ. ಆ ನಾತ ಇಲಿಮನೆಯದೇ. ನನ್ನ ಒಡಹುಟ್ಟಿದವನ ಮುಂದೆ ನಿಂತು ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮುಚ್ಚಿಕೊಂಡದ್ದು ಅತ್ತಿಗೆ ನೋಡಿದರು. ಅಣ್ಣ ತಿರುಗಿ ನನ್ನನ್ನು ನೋಡಿ ಅದೇ ಧ್ವನಿಯಲ್ಲಿ ಕರೆದ: "ನಂಜನಗೂಡು ಗೌರಿ."

"ಹಾಜರ್ ಅಣ್ಣ" ಎಂದೆ.

"ತಡ ಯಾಕೆ? ಕೂತ್ಕೊ. ಇನ್ನೂ ಬಾಳಾ ಜನ ಅವ್ರೆ."

ಮಧ್ಯಾಹ್ನ ಬಾಡಿಗೆ ಕಾರು ಮಾಡಿ ಅವನನ್ನು ಮೈಸೂರಿಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಹೆಸರು ಕರೆಯುತ್ತಲೇ ಇದ್ದ. ಅತ್ತಿಗೆ ಅವನ ಕೈ ಹಿಡಿದುಕೊಂಡು ಕೂತಿದ್ದವರು ನನ್ನ ಕಡೆ ತಿರುಗದೆ ಒಂದೇ ಒಂದು ಮಾತು ಕೇಳಿದರು: "ನಿನ್ನ ಇಲಿಗಳು ಈಗೇನಂತವೆ?" ಭಾನುವಾರ ಪೂರ್ತಿ ಆಸ್ಪತ್ರೆಯ ವರಾಂಡದಲ್ಲಿ ಕಳೆಯಿತು. ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ಅಲ್ಲಿನವರು ಕೇಳಿದಾಗ ಅತ್ತಿಗೆ ನನ್ನ ಹೆಸರು ಹೇಳಲಿಲ್ಲ. ಅವರೇ ಬಿಟ್ಟರು ಎಂದರು.

ಸೋಮವಾರ ಪರೀಕ್ಷೆ ಇತ್ತು. ಮೊದಲ ಬಸ್ಸಿಗೆ ಹೊರಟು ಮನೆಗೂ ಹೋಗದೆ ನೇರವಾಗಿ ಇಲಿಮನೆಗೆ ಬಂದೆ. ಇನ್ನೂ ಎಂಟು ಗಂಟೆ. ಬಾಗಿಲು ತೆರೆದಿತ್ತು. ಮಾದೇವಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಕೆಂಪು ಬಾಲದ ಇಲಿ. ದೇವಸ್ಥಾನದಿಂದ ತಂದ ರಸಬಾಳೆಯನ್ನು ಬೆರಳಲ್ಲಿ ನುರಿದು ಅದರ ಬಾಯಿಗೆ ಇಡುತ್ತಿದ್ದಳು. ಪಕ್ಕದ ಗೂಡಿನ ಕೆಂಪು ಬಾಲದವುಗಳ ಮೀಸೆಗೆಲ್ಲ ಹಣ್ಣು ಮೆತ್ತಿತ್ತು.

"ಏನು ಮಾಡ್ತಿದೀಯ ಮಾದೇವಮ್ಮ?"

ಅವಳು ಗಾಬರಿಯಾಗಲಿಲ್ಲ. "ಸ್ವಾಮಾರ ನಂಗೆ ಒಪ್ಪೊತ್ತು ಕಣ್ರವ್ವ. ಅಸ್ದಿರೋ ಒಂದ್ ಜೀವುದ್ ಒಟ್ಟೆ ತುಂಬುಸ್ದೆ ನಾನು ಉಣ್ಣಂಗಿಲ್ಲ. ನಮ್ಮವ್ವನ ಕಾಲ್ದಿಂದ ನಡ್ಕಂಡ್ ಬಂದದೆ. ಇಲ್ಲಿ ಇವ್ಗಿಂತ ಅಸ್ದಿರೋವು ಯಾವವೆ? ವಾರೆಲ್ಲಾ ಸೂಜಿ ಚುಚ್ಚುಸ್ಕಂಡು ಕಲ್ಲಂಗೆ ಕುಂತಿರ್ತವೆ. ನೀವ್ ಆಕೋ ಒಂದ್ ಗಂಟೇಲಿ ಬಾಯೇ ಆಕಲ್ಲ. ಅಸ್ರು ಬಾಲ್ದವೂ ಬಣ್ಣ ಇಲ್ದವೂ ಚೆಂದಾಗ್ ತಿಂತವೆ, ಅವುಕ್ಕೆ ಬ್ಯಾಡ."

"ಎಷ್ಟು ದಿನದಿಂದ?"

"ನಾ ಬಂದಾಗಿಂದ ಪ್ರತಿ ಸ್ವಾಮಾರ."

"ನಂಗ್ಯಾಕೆ ಹೇಳ್ಲಿಲ್ಲ?"

ಮಾದೇವಮ್ಮ ನನ್ನ ಮುಖವನ್ನೇ ನೋಡಿದಳು. "ಉಣ್ಣಾಕ್ ಇಕ್ಕುದ್ದುನ್ನೂ ಏಳ್ಬೇಕಾ ತಾಯಿ?"

ನಾನು ಹೊರಗೆ ಹೋಗಿ ಚರಂಡಿಯ ಬಳಿ ಕೂತು ಕಕ್ಕಿದೆ. ಮೂರು ಸೋಮವಾರದ ಪುಸ್ತಕ ತೆರೆದು ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದೆ. ಏಳನೇ ನಂಬರು: ಎಡಕ್ಕೆ ಹೋಯಿತು, ಮೂಸಿತು, ತಿನ್ನಲಿಲ್ಲ. ನನ್ನದೇ ಕೈಬರಹ. ಅದಕ್ಕೆ ದಾರಿ ನೆನಪಿತ್ತು, ಹಣ್ಣು ಎಲ್ಲಿದೆ ಎಂದೂ ನೆನಪಿತ್ತು. ಹೊಟ್ಟೆ ತುಂಬಿತ್ತು, ಅಷ್ಟೇ. ಅದು ತಿನ್ನದೆ ಬಿಟ್ಟ ಒಂದು ತುತ್ತನ್ನು ನೆಚ್ಚಿಕೊಂಡು ನಾನು ಅಣ್ಣನ ಮಾತ್ರೆ ಕಿತ್ತುಕೊಂಡಿದ್ದೆ.

ಮಾತ್ರೆಯಿಂದ ಮರೆವು ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬರುತ್ತದೋ ಇಲ್ಲವೋ, ಬಂದರೆ ಎಷ್ಟು, ಅದು ಆವತ್ತು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಡಾಕ್ಟರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಎದ್ದು ಇನ್ನೊಂದು ಊದುಬತ್ತಿ ಹಚ್ಚಿದರು.

"ನೋಡಿ ಗೌರಿ, ಕೆಂಪು ಬಾಲದವು ತಿನ್ನಲಿಲ್ಲ ಅನ್ನೋದು ನಿಜ ತಾನೆ? ನಾವು ಬರೆದಿರೋದು ಅಷ್ಟೇ."

"ಹಸಿವಿರಲಿಲ್ಲ ಸಾರ್, ಅದಕ್ಕೆ ತಿನ್ನಲಿಲ್ಲ. ಮತ್ತೆ ಮೊದಲಿಂದ ಮಾಡ್ಬೇಕು."

"ಕಸ ಗುಡಿಸೋಳ ಒಪ್ಪೊತ್ತಿನ ಕಥೆ ವರದಿಲಿ ಬರೀಲಾ? ಮೇಲಿನವರು ಕಾಯ್ತಾ ಇದಾರೆ. ನೀವು ಯಾರಿಗಾದ್ರೂ ಹೇಳಿದೀರಾ ಇದನ್ನ?"

"ಇಲ್ಲ."

"ಹೇಳ್ಬೇಡಿ. ನಿಮ್ಮ ಹೆಸರೂ ಇದೆ ಇದರಲ್ಲಿ." ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಪ್ರತಿ ಪುಟದ ಕೆಳಗೆ ನಾನು ಸಹಿ ಮಾಡಬೇಕಿತ್ತು.

ಆ ಮನುಷ್ಯನ ಮೇಲೆ ಹುಟ್ಟಿದ ಹೇಸಿಗೆಯನ್ನು ಇಷ್ಟು ವರ್ಷ ಎಲ್ಲರ ಮುಂದೆ ಬಣ್ಣಿಸಿಕೊಂಡು ಬಂದಿದ್ದೇನೆ. ಅವರ ಪ್ಯಾಂಟಿನ ಇಸ್ತ್ರಿ, ಅವರ ಊದುಬತ್ತಿ, ಮೂಗಿನ ಮೇಲಿನ ಕರ್ಚೀಫು. ಹೇಳದೆ ಬಿಟ್ಟದ್ದು ಒಂದು: ನಾನು ಸಹಿ ಮಾಡಿದೆ. ಕೆಲಸ ಹೋದೀತೆಂಬ ಹೆದರಿಕೆಯಿಂದ ಎಂದು ಬಹಳ ಕಾಲ ನನಗೆ ನಾನೇ ಸಬೂಬು ಹೇಳಿಕೊಂಡೆ. ಸುಳ್ಳು. ಆ ಪ್ರಯೋಗ ತಪ್ಪು ಎಂದು ಬರೆದುಕೊಟ್ಟರೆ, ಅಣ್ಣನನ್ನು ಆ ಒದ್ದೆ ನೆಲದ ಮೇಲೆ ನಿಲ್ಲಿಸಿದ್ದು ನಾನೇ ಎಂದು ಬರೆದುಕೊಟ್ಟ ಹಾಗೆ. ಪ್ರಯೋಗ ಸರಿ ಎಂದರೆ ನನ್ನ ಸಲಹೆಯೂ ಸರಿ, ಮಿಕ್ಕದ್ದು ಅಣ್ಣನ ಹಣೆಬರಹ. ಆ ವಾರವೇ ಮಾದೇವಮ್ಮನನ್ನು ಬಿಡಿಸಿದರು. ಅವಳು ಯಾಕೆಂದು ನನ್ನನ್ನು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಹೋಗುವಾಗ ಕೆಂಪು ಬಾಲದವಕ್ಕೆ ಸಂಜೆ ಸ್ವಲ್ಪ ಹೆಚ್ಚು ಹೊತ್ತು ಉಂಡೆ ಬಿಡಿ ಎಂದು ಹೇಳಿ ಹೋದಳು.

ಆ ಹೊಸ ಔಷಧಿ ಬೇರೆ ಯಾವುದೋ ಕಾರಣಕ್ಕೆ ಅಂಗಡಿ ಮುಖ ಕಾಣಲೇ ಇಲ್ಲ. ಅಷ್ಟರ ಮಟ್ಟಿಗೆ ನಂಜುಂಡಪ್ಪ ದೊಡ್ಡವನು. ನಾನು ಮದುವೆಯಾಗಿ ಊರು ಬಿಟ್ಟೆ.

ಅಣ್ಣ ಮತ್ತೆ ಮಾತ್ರೆ ಹಿಡಿದ, ಮತ್ತೆ ಸುಮ್ಮನಾದ. ಆದರೆ ಮೊದಲಿನಷ್ಟು ಕೂಡ ಗೆಲುವಾಗಲಿಲ್ಲ. ನಿವೃತ್ತಿಯಾಗುವ ತನಕ ಸ್ಟೋರ್ ರೂಮಿನಲ್ಲಿ ಸೀಮೆಸುಣ್ಣ, ಭೂಪಟ, ಫುಟ್‌ಬಾಲು ಕಾಯ್ದುಕೊಂಡಿದ್ದ. ಆ ಮಳೆಗಾಲ ಅವನ ತಲೆಯಿಂದ ಪೂರಾ ಅಳಿಸಿಹೋಗಿದೆ. ಹಳೆಯದು ಮಾತ್ರ ಅಲ್ಲಲ್ಲಿ ಉಳಿದಿದೆ. ಹೋದ ತಿಂಗಳು ನರಸೀಪುರಕ್ಕೆ ಹೋಗಿದ್ದಾಗ ಪ್ರತಿ ಸಲದಂತೆ ಕೇಳಿದ:

"ಅಲ್ಲ ಕಣೇ ಗೌರಿ, ಆವಾಗ ನಾನು ಪಾಠ ಮಾಡ್ಕೊಂಡು ಇದ್ದೆನಲ್ಲ. ಮಾತ್ರೆ ಯಾಕೆ ಬಿಟ್ಟೆ ನಾನು? ಯಾರಾದ್ರೂ ಹೇಳಿದ್ರಾ?"

ಅತ್ತಿಗೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. ಈ ಪ್ರಶ್ನೆಗೆ ಮೊದಲೆಲ್ಲ ಅವರೇ ಉತ್ತರ ಕೊಡುತ್ತಿದ್ದರು. ಈ ಸಲ ನನಗೇ ಬಿಟ್ಟರು. ಮೊರದ ಮೇಲೆ ಅವರ ಕೈ ನಿಂತಿತ್ತು.

"ಯಾರೂ ಹೇಳ್ಲಿಲ್ಲ ಅಣ್ಣ. ನೀನೇ ಹಟ ಮಾಡಿ ಬಿಟ್ಟೆ" ಎಂದೆ.

"ನಾನೇ ಇರ್ಬೇಕು. ನಂದು ಮೊದಲಿಂದ ಹಟ" ಎಂದು ಒಪ್ಪಿಕೊಂಡ. ಅತ್ತಿಗೆಯ ಕೈ ಮತ್ತೆ ಅಕ್ಕಿಯಲ್ಲಿ ಆಡತೊಡಗಿತು. ಅವನ ನೆನಪನ್ನು ತಿಂದದ್ದು ಯಾವುದೆಂದು ಹುಡುಕಿಕೊಂಡು ಹೊರಟಿದ್ದ ನಾನು, ಈಗ ಅವನ ಮರೆವಿನ ನೆರಳಲ್ಲೇ ಬದುಕುತ್ತಿದ್ದೇನೆ.

ಅಣ್ಣ ಎದ್ದು ಒಳಗೆ ಹೋಗಿ ಗೂಡಿನಿಂದ ಒಂದು ರಸಬಾಳೆ ಹಣ್ಣು ತಂದ. ನಾನು ಬರುತ್ತೇನೆಂದು ತರಿಸಿಟ್ಟಿದ್ದನಂತೆ. ಚಿಕ್ಕಂದಿನಲ್ಲಿ ನಾನು ಒಂದೇ ಕೂತಿಗೆ ನಾಲ್ಕು ತಿನ್ನುತ್ತಿದ್ದದ್ದು ಅವನಿಗಿನ್ನೂ ನೆನಪಿದೆ.

"ನಿಂಗಿಷ್ಟ ಅಲ್ವೇನೇ? ತಿನ್ನು" ಎಂದು ತಾನೇ ಸಿಪ್ಪೆ ಸುಲಿದು ಕೈಗೆ ಕೊಟ್ಟ.

ಅವನು ನೋಡುತ್ತಾ ನಿಂತಿದ್ದ. ಅತ್ತಿಗೆಯೂ ನೋಡುತ್ತಿದ್ದರು. ಉಸಿರು ಬಿಗಿಹಿಡಿದು ಪೂರ್ತಿ ತಿಂದೆ.